ಒಂದೇ ಬ್ಲಾಕು, ಮೂರು ಬಕೆಟ್ಟು

ನಮಸ್ಕಾರ ಕೇಳುಗರೇ. ಕ್ಲೌಡ್‌ನಲ್ಲಿ ಒಂದೇ ಥರದ ಮೂರು ಸ್ಟೋರೇಜ್ ಬಕೆಟ್, ಅಂದರೆ ಫೈಲ್ ಇಡುವ ಜಾಗ, ಬೇಕು ಅಂತಿಟ್ಟುಕೊಳ್ಳಿ. ಲಾಗ್ಸ್, ಬ್ಯಾಕಪ್, ಫೋಟೋಸ್. ಕ್ಲೌಡ್‌ನಲ್ಲಿ ಏನೇನು ಇರಬೇಕು ಅಂತ ಕೋಡ್‌ನಲ್ಲಿ ಬರೆದರೆ ಅದನ್ನು ಮಾಡಿಕೊಡುವ ಟೂಲ್ ಟೆರಾಫಾರ್ಮ್. ಅದರಲ್ಲಿ ಬರೆದ ಒಂದು ಬ್ಲಾಕನ್ನೇ ಮೂರು ಸಲ ಕಾಪಿ ಮಾಡಿ ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ನಾಳೆ ಒಂದು ಸೆಟ್ಟಿಂಗ್ ಬದಲಾದರೆ ಮೂರೂ ಕಡೆ ತಿದ್ದಬೇಕು, ಎಲ್ಲೋ ಒಂದು ಕಡೆ ಮರೆತೇಹೋಗುತ್ತದೆ. ಅದಕ್ಕೇ ಜಾಸ್ತಿ ಜನ ಮೊದಲು ಹಿಡಿಯುವುದು, ಒಂದೇ ಬ್ಲಾಕಿನಿಂದ ಎಷ್ಟು ಬೇಕು ಅಂತ ಹೇಳುವ ಕೌಂಟ್. ಹೆಸರುಗಳ ಪಟ್ಟಿ ಮಾಡಿ, ಅದರ ಉದ್ದವನ್ನು ಕೌಂಟ್‌ಗೆ ಕೊಟ್ಟರೆ ಮುಗೀತು.

ತೊಂದರೆ ಶುರುವಾಗುವುದು ಪಟ್ಟಿಯಿಂದ ಒಂದನ್ನು ತೆಗೆದಾಗ. ಕೌಂಟ್ ಬಳಸಿದರೆ ಟೆರಾಫಾರ್ಮ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಸ್ಟೇಟ್ ಫೈಲ್‌ನಲ್ಲಿ ಪ್ರತಿ ಬಕೆಟ್‌ನ ಗುರುತು ಬರೀ ನಂಬರು: 0, 1, 2. ಲಾಗ್ಸ್ ಬೇಡ ಅಂತ ಅಳಿಸಿದಿರಿ ಅನ್ನಿ. ಈಗ ಬ್ಯಾಕಪ್ 0ಕ್ಕೆ ಬಂತು, ಫೋಟೋಸ್ 1ಕ್ಕೆ ಬಂತು. ಟೆರಾಫಾರ್ಮ್ ಕಣ್ಣಿಗೆ ಇವೆರಡರ ಹೆಸರು ಬದಲಾಗಿದೆ, 2 ಮಾಯವಾಗಿದೆ. ಬಕೆಟ್ ಹೆಸರನ್ನು ಇದ್ದ ಹಾಗೇ ಬದಲಿಸಲು ಬರುವುದಿಲ್ಲವಲ್ಲ, ಹಾಗಾಗಿ ಮೂರನ್ನೂ ಅಳಿಸಿ ಎರಡನ್ನು ಹೊಸದಾಗಿ ಮಾಡುತ್ತೇನೆ ಅನ್ನುತ್ತದೆ ಪ್ಲಾನ್, ಅಂದರೆ ಏನೇನು ಬದಲಾಗುತ್ತದೆ ಅಂತ ಟೆರಾಫಾರ್ಮ್ ಮೊದಲೇ ತೋರಿಸುವ ಲೆಕ್ಕ. ನೀವು ಕೇಳಿದ್ದು ಒಂದನ್ನು ತೆಗೆಯೋಕೆ ಅಲ್ವಾ! ಅಮೆಜಾನ್‌ನ ಎಸ್3 ಆದರೆ ಒಳಗೆ ಫೈಲ್ ಇರುವ ಬಕೆಟ್ಟನ್ನು ಅಳಿಸಲು ಬಿಡುವುದಿಲ್ಲ, ಅದೊಂದು ಪುಣ್ಯ. ಒಳಗಿನ ಫೈಲ್ ಸಮೇತ ಅಳಿಸುವ ಫೋರ್ಸ್ ಡೆಸ್ಟ್ರಾಯ್ ಸೆಟ್ಟಿಂಗ್ ಆನ್ ಇದ್ದರೆ ಮಾತ್ರ ಬ್ಯಾಕಪ್ ಪೂರ್ತಿ ಹೋದ ಹಾಗೆಯೇ.

ಇದಕ್ಕೆ ಉತ್ತರ ಫಾರ್ ಈಚ್. 2019ರಲ್ಲಿ 0.12.6 ಆವೃತ್ತಿಯಿಂದ ಬಕೆಟ್‌ನಂಥ ರಿಸೋರ್ಸ್‌ಗಳಿಗೆ ಸಿಕ್ಕಿತು, 2020ರಲ್ಲಿ 0.13ರಿಂದ ರಿಸೋರ್ಸ್‌ಗಳ ಗುಂಪಾದ ಮಾಡ್ಯೂಲ್‌ಗಳಿಗೂ. ಇದಕ್ಕೆ ಪಟ್ಟಿ ನಡೆಯಲ್ಲ, ಪ್ರತಿಯೊಂದಕ್ಕೂ ಕೀ ಅನ್ನುವ ಹೆಸರಿಟ್ಟ ಮ್ಯಾಪ್ ಕೊಡಬೇಕು ಅಥವಾ ಸ್ಟ್ರಿಂಗ್‌ಗಳ, ಅಂದರೆ ಬರೀ ಹೆಸರುಗಳ, ಸೆಟ್. ಇಲ್ಲಿ ಗುರುತು ನಂಬರಲ್ಲ, ನೀವೇ ಕೊಟ್ಟ ಕೀ. ಲಾಗ್ಸ್ ತೆಗೆದರೆ ಲಾಗ್ಸ್ ಮಾತ್ರ ಹೋಗುತ್ತದೆ, ಉಳಿದವು ಅಲುಗಾಡುವುದಿಲ್ಲ. ನನಗಂತೂ ಮ್ಯಾಪೇ ಇಷ್ಟ, ಬ್ಯಾಕಪ್‌ಗೆ ಮಾತ್ರ ಬೇರೆ ಟ್ಯಾಗ್ ಬೇಕಾದರೆ ಅದರ ಕೀ ಕೆಳಗೇ ಬರೆದುಬಿಡಬಹುದು. ಒಂದು ಎಚ್ಚರ ಇರಲಿ. ಕೀ ಏನು ಅಂತ ಪ್ಲಾನ್ ಹೊತ್ತಿಗೇ ಗೊತ್ತಿರಬೇಕು, ರಿಸೋರ್ಸ್ ಹುಟ್ಟಿದ ಮೇಲೆ ಸಿಗುವ ಐಡಿಯನ್ನು ಕೀ ಮಾಡಿದರೆ ಎರರ್ ಬರುತ್ತದೆ.

ಹಾಗಂತ ಕೌಂಟ್ ಬಿಟ್ಟೇಬಿಡಿ ಅಂತಲ್ಲ. ಒಂದು ರಿಸೋರ್ಸ್ ಬೇಕೋ ಬೇಡವೋ ಅನ್ನುವ ಕಡೆ 1 ಅಥವಾ 0 ಕೊಡಲು ಅದೇ ಸಲೀಸು.

ಈಗಾಗಲೇ ಕೌಂಟ್‌ನಲ್ಲಿ ಬರೆದವರು ಫಾರ್ ಈಚ್‌ಗೆ ಬದಲಾಯಿಸಲು ಹೆದರಬೇಕಿಲ್ಲ. 1.1 ಆವೃತ್ತಿಯಿಂದ ಹಳೆ ಗುರುತನ್ನು ಹೊಸದಕ್ಕೆ ಜೋಡಿಸುವ ಮೂವ್ಡ್ ಬ್ಲಾಕ್ ಇದೆ. 0 ಅನ್ನುವುದು ಇನ್ನು ಲಾಗ್ಸ್, 1 ಅನ್ನುವುದು ಬ್ಯಾಕಪ್ ಅಂತ ಒಂದೊಂದಕ್ಕೂ ಬರೆದು ಪ್ಲಾನ್ ಓಡಿಸಿ. ಅಳಿಸುವ ಲೆಕ್ಕ 0 ಅಂತ ಬರಬೇಕು. ಬರಲಿಲ್ಲವಾ, ಅಪ್ಲೈ ಮಾಡಿ ಜಾರಿಗೆ ತರಲೇಬೇಡಿ, ಯಾವ ಕೀ ಬಿಟ್ಟುಹೋಗಿದೆ ಅಂತ ಮೊದಲು ಹುಡುಕಿ. ನಮಸ್ಕಾರ.