ದಿ ಹಾಕ್ಬೇಕಾ ಬೇಡ್ವಾ? "ಯಾವ್ದು?" ಅಂತ ಕೇಳಿ ನೋಡಿ

ನಮಸ್ಕಾರ ಎಲ್ರಿಗೂ. ಇವತ್ತು ಒಂದೇ ಒಂದು ಇಂಗ್ಲಿಷ್ ಪದ, ದಿ (the). ಸ್ಕೂಲಲ್ಲಿ ಹೇಳ್ಕೊಟ್ಟಿದ್ದೇನು, ದಿ ಅಂದ್ರೆ "ಆ", ದ ಬುಕ್ ಅಂದ್ರೆ ಆ ಪುಸ್ತಕ, ಮುಗೀತು. ಎಡವಟ್ಟು ಶುರುವಾಗೋದೇ ಅಲ್ಲಿ. ಮನೇಲಿ ಅಮ್ಮ "ಬಾಗಿಲು ಹಾಕೋ" ಅಂತಾರೆ, "ಆ ಬಾಗಿಲು" ಅನ್ನಲ್ಲ, ಆದ್ರೆ ಇಂಗ್ಲಿಷಲ್ಲಿ ಅದು ಕ್ಲೋಸ್ ದ ಡೋರ್.

ಅದಕ್ಕೆ "ಆ" ಮರ್ತುಬಿಡಿ. ಕೇಳಿಸ್ಕೊಳ್ಳೋರು "ಯಾವ್ದು?" ಅಂತ ಕೇಳ್ಬೇಕಾಗುತ್ತಾ, ಅಷ್ಟೇ ನೋಡಿ. ಐ ಬಾಟ್ ಎ ಸ್ಕೂಟರ್, ಯಾವ್ದು ಅಂತ ಅವ್ರಿಗಿನ್ನೂ ಗೊತ್ತಿಲ್ಲ, ಅದಕ್ಕೆ ಎ. ಆಮೇಲೆ ದ ಸ್ಕೂಟರ್ ಈಸ್ ರೆಡ್, ಈಗ ಇಬ್ರಿಗೂ ಗೊತ್ತು. ಬಾಗಿಲೂ ಹಾಗೇ, ತೆರೆದಿರೋದು ಒಂದೇ, ಇನ್ನೇನ್ ಕೇಳ್ತೀರಾ.

ಕನ್ನಡದಲ್ಲಿ ಎ, ದಿ ಥರದ ಆರ್ಟಿಕಲ್ ಇಲ್ಲ ನಿಜ, ಆದ್ರೆ ಈ ವ್ಯತ್ಯಾಸ ನಮ್ಗೆ ಹೊಸದೇನಲ್ಲ. "ಪುಸ್ತಕ ಓದ್ದೆ" ಅಂದ್ರೆ ಯಾವ್ದೋ ಒಂದು, "ಪುಸ್ತಕಾನ ಓದ್ದೆ" ಅಂದ್ರೆ ನಿಮ್ಗೂ ಗೊತ್ತಿರೋ ಪುಸ್ತಕ ಅನ್ಸುತ್ತೆ ಅಲ್ವಾ, ಕೊನೇಲಿ ಸೇರಿರೋ ಆ "ಅನ್ನು" (ಪುಸ್ತಕವನ್ನು) ಎಷ್ಟೋ ಸಲ ದಿ ಮಾಡೋ ಕೆಲ್ಸಾನೇ ಮಾಡ್ತಿರುತ್ತೆ. (ಮನುಷ್ಯರ ವಿಷಯಕ್ಕೆ ಈ ಟ್ರಿಕ್ ನಡೆಯಲ್ಲ, "ಹುಡುಗನ್ನ ನೋಡ್ದೆ" ಅಂತ ಹೇಗಿದ್ರೂ ಹೇಳ್ಲೇಬೇಕು.)

ಇನ್ನು ನಾವು ಜಾಸ್ತಿ ತಪ್ಪು ಮಾಡೋ ಜಾಗ. ಕಾಫಿ ಅಂದ್ರೆ ಪ್ರಾಣ ಅಂತ ಹೇಳೋಕೆ ಐ ಲವ್ ಕಾಫಿ ಸಾಕು, ದ ಕಾಫಿ ಅಂದ್ರೆ ಟೇಬಲ್ ಮೇಲಿರೋ ಆ ಲೋಟದ್ದು. ದ ಲೈಫ್ ಈಸ್ ಶಾರ್ಟ್ ಅಂತ ಸ್ಟೇಟಸ್ ಹಾಕೋರು ದಯವಿಟ್ಟು ಈಗ್ಲೇ ತಿದ್ಕೊಳ್ಳಿ. ಆಸ್ಪತ್ರೆದು ಇನ್ನೂ ಮಜಾ, ಬ್ರಿಟಿಷ್ ಇಂಗ್ಲಿಷಲ್ಲಿ ಹಿ ಈಸ್ ಇನ್ ಹಾಸ್ಪಿಟಲ್ ಅಂದ್ರೆ ಅಡ್ಮಿಟ್ ಆಗಿದಾನೆ ಅಂತ, ಅಮೆರಿಕದವ್ರು ಅದಕ್ಕೂ ಇನ್ ದ ಹಾಸ್ಪಿಟಲ್ ಅಂತಾರೆ.

ಊರು, ನದಿ ಹೆಸರಲ್ಲಿ ಲಾಜಿಕ್ ಹುಡುಕ್ಬೇಡಿ, ಬಾಯಿಪಾಠ ಮಾಡಿ. ನದಿಗೆ ಹಾಕಿ, ದ ಕಾವೇರಿ. ಬೆಟ್ಟದ ಸಾಲಿಗೆ ಹಾಕಿ, ದ ವೆಸ್ಟರ್ನ್ ಘಾಟ್ಸ್, ಆದ್ರೆ ಅದ್ರಲ್ಲೇ ಇರೋ ಮುಳ್ಳಯ್ಯನಗಿರಿಗೆ ಬೇಡ. ದೇಶಗಳಿಗೆ ಸಾಮಾನ್ಯವಾಗಿ ಇಲ್ಲ, ದ ನೆದರ್‌ಲ್ಯಾಂಡ್ಸ್ ಥರದವು ಬಿಟ್ಟು. ಮೊದ್ಲು ದ ಯುಕ್ರೇನ್ ಅಂತಿದ್ರು, 1991ರಲ್ಲಿ ಸ್ವತಂತ್ರ ಆದ್ಮೇಲೆ ಆ ದಿ ಬಿಟ್ಟೋಯ್ತು, ಈಗ ಹಾಕಿದ್ರೆ ಅಲ್ಲಿಯವ್ರಿಗೆ ಬೇಜಾರಾಗುತ್ತೆ.

ಅಂದ್ಹಾಗೆ ನಾನು ಇಷ್ಟೊತ್ತು ವಾಕ್ಯದೊಳಗೆ "ದ" ಅಂತಿದ್ದೆ, ಗಮನಿಸಿದ್ರಾ? ಮುಂದೆ ಸ್ವರದ ಸೌಂಡ್ ಬಂದ್ರೆ ಮಾತ್ರ "ದಿ". ದಿ ಆಪಲ್, ದಿ ಅವರ್ (hour), ದಿ ಎಂಎಲ್‌ಎ. ಆದ್ರೆ ದ ಯೂನಿವರ್ಸಿಟಿ, ಶುರುವಾಗೋದು "ಯ" ಸೌಂಡಿಂದ ಅಲ್ವಾ. ಸ್ಪೆಲ್ಲಿಂಗ್ ನೋಡ್ಬೇಡಿ, ಕಿವಿ ಕೊಡಿ.