ಒಂದು ಮಳೆಗಾಲ ಇದ್ದು ನೋಡಿ

ಕೇಳುಗರಿಗೆ ನಮಸ್ಕಾರ.

ವಿಜಯಪುರ, ಬಾಗಲಕೋಟೆಯ ಬಿಸಿಲಿನಲ್ಲಿ ನೌಕರಿ ಮುಗಿಸಿದವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಾಚೆಯ ಹಸಿರು ಕಂಡರೆ ಮನಸ್ಸು ಸೋಲುತ್ತದೆ. ನಮ್ಮದೂ ಸೋತಿತು. ನಿವೃತ್ತಿಯ ನಂತರ ನಾನೂ ನಮ್ಮ ಮನೆಯವರೂ ಜಾಂಬೋಟಿಯ ಕಡೆ ಬಂದು ನೆಲೆಸಿದ್ದೇವೆ, ಸುಖವಾಗಿದ್ದೇವೆ. ಬರಬೇಕೆಂದಿರುವವರಿಗೆ ನಾನು ಹೇಳುವುದು ಇಷ್ಟೇ: ಜಾಗ ಕೊಳ್ಳುವ ಮೊದಲು ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಇದ್ದು ನೋಡಿ.

ಡಿಸೆಂಬರ್‌ನಲ್ಲಿ ಚೋರ್ಲಾ ಘಟ್ಟ ನೋಡಲು ಬಂದು, ಆ ತಂಪಿಗೆ ಮರುಳಾಗಿ ಮುಂಗಡ ಕೊಟ್ಟು ಹೋಗುವವರಿದ್ದಾರೆ. ಜುಲೈ ಬೇರೆಯೇ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಜುಲೈ ಒಂದೇ ತಿಂಗಳು ಅದನ್ನು ಮೀರಿಸುತ್ತದೆ. ಬಟ್ಟೆ ಒಣಗುವುದಿಲ್ಲ. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಜೋಳದ ಹಿಟ್ಟು ತೇವ ಕುಡಿದು ಜಿಗಿ ಕಳೆದುಕೊಳ್ಳುತ್ತದೆ. ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಹೀಗಾಗಿ ನಮ್ಮ ಮನೆಯವರು ಕಾಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಕಳಿಸುತ್ತಾರೆ. ಅಂಗಳದ ಪಾವಟಿಗೆಯ ಮೇಲೆ ಪಾಚಿ ಕಟ್ಟುತ್ತದೆ. ಅರವತ್ತು ದಾಟಿದವರಿಗೆ ಆ ಪಾಚಿ ಹಾವಿಗಿಂತ ಅಪಾಯ, ಸೊಂಟ ಮುರಿದರೆ ಹಾಸಿಗೆಯೇ ಗತಿ. ಗಟ್ಟಿ ಬ್ರಷ್‌ನಿಂದ ತಿಕ್ಕುತ್ತಿರಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಲೇಬೇಕು.

ಇನ್ನು ಆಸ್ಪತ್ರೆ. ಖಾನಾಪುರದಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಹೃದಯದ ತೊಂದರೆಯಾದರೆ ಬೆಳಗಾವಿಗೇ ಹೋಗಬೇಕು. ಖಾನಾಪುರದಿಂದ ಅದು ಸುಮಾರು 25 ಕಿಲೋಮೀಟರ್. ಆದರೆ ನಿಮ್ಮ ಮನೆ ಕಾಡಿನೊಳಗಿದ್ದು, ನಡುವೆ ಹಳ್ಳ ತುಂಬಿ ಹರಿಯುತ್ತಿದ್ದರೆ ಆ 25ಕ್ಕೆ ಅರ್ಥವಿಲ್ಲ. ಭೀಮಗಡ ಅರಣ್ಯದ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತಂದದ್ದುಂಟು. ಅಲ್ಲಿಯೇ ಹುಟ್ಟಿದವರಿಗೆ ಹೊರಲು ನಾಲ್ಕು ಹೆಗಲು ಸಿಗುತ್ತವೆ. ನಿನ್ನೆ ಬಂದ ನಮಗೆ? ನೋಟ ಸ್ವಲ್ಪ ಕಡಿಮೆಯಾದರೂ ಸರಿ, ಬಸ್ ನಿಲ್ಲುವ ರಸ್ತೆಗೆ ಹತ್ತಿರವಿರಿ.

2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೂ ಉತಾರ, ಅಂದರೆ ಪಹಣಿ, ನೋಡಿ. ನಿವೇಶನವೆಂದು ಮಾರುತ್ತಿದ್ದರೆ ಎನ್.ಎ., ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿದೆಯೇ ಎಂದು ಕೇಳಿ, ಅರಣ್ಯದ ಸರಹದ್ದು ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡದು ನಿಮ್ಮ ಸಂಗಾತಿಯ ಮಾತು. ಗಂಡಸರು ಗುಡ್ಡ ನೋಡಿ ತೀರ್ಮಾನಿಸಿಬಿಡುತ್ತಾರೆ. ನೆರೆಹೊರೆ, ಅಕ್ಕತಂಗಿಯರು, ಗುಡಿಯ ಭಜನೆ ಬಿಟ್ಟು ಬರುವವರು ಹೆಂಗಸರು. ಇಲ್ಲಿ ಮನೆಮನೆಯಲ್ಲಿ ಮರಾಠಿ. ನಮ್ಮ ಮನೆಯವರು ತರಕಾರಿ ಮಾರುವ ಮಾವಶಿಯಿಂದಲೇ ಅದನ್ನು ಕಲಿತರು. ಈಗ ಗಣಪತಿ ಹಬ್ಬಕ್ಕೆ ನಮ್ಮ ಮನೆಗೆ ಬರುವವರು ನಮ್ಮ ಹಳೆಯ ಓಣಿಯಲ್ಲಿ ಬರುತ್ತಿದ್ದವರಿಗಿಂತ ಹೆಚ್ಚು.

ನಮ್ಮಲ್ಲಿ ಎಷ್ಟೋ ಜನರಿಗೆ ಶಾಲೆಯ ದಾಖಲೆಯಲ್ಲಿ ಜೂನ್ 1 ಜನ್ಮದಿನ, ಹಾಗಾಗಿ ಮೇ 31ಕ್ಕೆ ನಿವೃತ್ತಿ. ಅಂಥವರಿಗೆ ಕಾಲ ಕೂಡಿಬಂದಿದೆ. ಹಾರ, ಶಾಲು ಸ್ವೀಕರಿಸಿ, ಜೂನ್ ಮೊದಲ ವಾರವೇ ಎರಡು ಹಾಸಿಗೆ, ನಾಲ್ಕು ಪಾತ್ರೆ ಕಟ್ಟಿಕೊಂಡು ಇಬ್ಬರೂ ಬನ್ನಿ. ಸೆಪ್ಟೆಂಬರ್ ಕೊನೆಯವರೆಗೆ ಇರಿ. ಆಮೇಲೆ ಜಾಗದ ವಿಚಾರ ಮಾಡೋಣ.

ನಮಸ್ಕಾರ.