ರಕ್ತ ಗುರುತಿಸುವುದು ಮೇಲ್ಮೈಯ ಆವೇಶವನ್ನು

ಕೇಳುಗರಿಗೆ ನಮಸ್ಕಾರ. ಡಯಾಲಿಸಿಸ್ ಯಂತ್ರದ ಪೊರೆಯನ್ನೋ ರಕ್ತನಾಳಕ್ಕೆ ಸೇರಿಸುವ ನಳಿಕೆಯನ್ನೋ ಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಇದು ಒಳ್ಳೆಯ ಪ್ಲಾಸ್ಟಿಕ್ಕೇ?" ಈ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ ಎಂದು ವಿನಯದಿಂದಲೇ ಹೇಳುತ್ತೇನೆ. ರಕ್ತಕ್ಕೆ ವಸ್ತುವಿನ ಹೆಸರು ಬೇಕಿಲ್ಲ. ಅದು ಗುರುತಿಸುವುದು ಮೇಲ್ಮೈಯ ವಿದ್ಯುದಾವೇಶವನ್ನು.

ಗಾಜಿನ ಮೇಲ್ಮೈ ಋಣಾವೇಶವುಳ್ಳದ್ದು. ರಕ್ತವನ್ನು ಹೆಪ್ಪುಗಟ್ಟಿಸುವ, ಸಂಖ್ಯೆಗಳಿಂದ ಗುರುತಿಸುವ ಪ್ರೋಟೀನುಗಳಲ್ಲಿ ಒಂದಾದ 12ನೆಯ ಅಂಶ ಅಲ್ಲಿ ಅಂಟಿಕೊಂಡ ಕೂಡಲೇ ಚುರುಕಾಗಿ 11ನೆಯ ಅಂಶವನ್ನು ಎಬ್ಬಿಸುತ್ತದೆ, ಅದು ತನ್ನ ಮುಂದಿನದನ್ನು ಎಬ್ಬಿಸುತ್ತದೆ, ಹೀಗೆ ಸಾಗಿ ಕೊನೆಗೆ ಫೈಬ್ರಿನ್ ಎಳೆಗಳ ಬಲೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಗಾಜಿನ ಒಳಮೈಗೆ ಸಿಲಿಕೋನ್ ಬಳಿಯಿರಿ, ರಕ್ತ ಬಹಳ ಹೊತ್ತು ದ್ರವವಾಗಿಯೇ ಉಳಿಯುತ್ತದೆ. ಕೊಳವೆ ಅದೇ, ರಕ್ತವೂ ಅದೇ. ಬದಲಾದದ್ದು ಮೇಲ್ಮೈ ಮಾತ್ರ.

ಇದನ್ನು ನಮಗೆ ಕಲಿಸಿದವರು ಅಮೆರಿಕದ ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದ ಜಾನ್ ಹೇಗ್‌ಮನ್. ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷಿಸಿದಾಗ ಅವರ ರಕ್ತ ಗಾಜಿನ ಕೊಳವೆಯಲ್ಲಿ ಎಷ್ಟು ಕಾದರೂ ಸಕಾಲಕ್ಕೆ ಹೆಪ್ಪುಗಟ್ಟಲಿಲ್ಲ. ಅಂಥವರಿಗೆ ಚಾಕು ತಾಗಿಸಲು ಯಾವ ವೈದ್ಯರಾದರೂ ಹೆದರಬೇಕು. ಆದರೆ ಆ ಮನುಷ್ಯನಿಗೆ ರಕ್ತಸ್ರಾವದ ತೊಂದರೆ ಎಂದೂ ಇರಲೇ ಇಲ್ಲ! ಆಸ್ಕರ್ ರ‍್ಯಾಟ್ನಾಫ್ ಮತ್ತು ಜೋನ್ ಕಲೊಪಿ 1955ರಲ್ಲಿ ಪ್ರಕಟಿಸಿದ ವಿವರದ ಪ್ರಕಾರ, ಅವರಲ್ಲಿ ಕೊರತೆಯಿದ್ದದ್ದು ಈ 12ನೆಯ ಅಂಶ. ಅದಕ್ಕೆ ಇಂದಿಗೂ ಹೇಗ್‌ಮನ್ ಅಂಶವೆಂಬ ಹೆಸರಿದೆ. ಸೋಜಿಗವೆಂದರೆ, 1968ರಲ್ಲಿ ಸೊಂಟದ ಮೂಳೆ ಮುರಿದ ಬಳಿಕ ಅವರು ತೀರಿಕೊಂಡದ್ದು ಶ್ವಾಸಕೋಶಕ್ಕೆ ಹರಿದ ರಕ್ತದ ಹೆಪ್ಪಿನಿಂದ. ಎಂದರೆ, ಗಾಯವನ್ನು ಮುಚ್ಚಲು ದೇಹಕ್ಕೆ ಬೇರೆ ದಾರಿಯಿದೆ. 12ನೆಯ ಅಂಶ ಕೆರಳುವುದು ಆವೇಶವಿರುವ ಪರಕೀಯ ಮೇಲ್ಮೈಯನ್ನು ಮುಟ್ಟಿದಾಗ. ಆದ್ದರಿಂದಲೇ, ರಕ್ತಸ್ರಾವಕ್ಕೆ ಎಡೆಗೊಡದೆ ಸಾಧನಗಳಲ್ಲಿ ಹೆಪ್ಪು ತಡೆಯಬೇಕೆನ್ನುವ ಸಂಶೋಧಕರು ಈ ಒಂದು ಅಂಶವನ್ನೇ ಕಟ್ಟಿಹಾಕಲು ಹೊರಟಿದ್ದಾರೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಧನಾವೇಶದ ಪಾಲಿಮರ್ ಆದರೆ ಸರಿಹೋದೀತೆಂದು ಭಾವಿಸಬೇಡಿ; ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಂಬ ರಕ್ತಕಣಗಳ ಹೊರಮೈ ಋಣಾವೇಶದ್ದಾದ್ದರಿಂದ ಅವು ಬಂದು ಅಲ್ಲಿಗೇ ಅಂಟಿಕೊಳ್ಳುತ್ತವೆ. ಇನ್ನು ಹೆಪಾರಿನ್ ಎಂಬ ಔಷಧ ತಾನೇ ತೀವ್ರ ಋಣಾವೇಶದ್ದಾದರೂ ಹೆಪ್ಪನ್ನು ತಡೆಯುತ್ತದೆ, ಏಕೆಂದರೆ ಅದರ ಸಲ್ಫೇಟ್ ಗುಂಪುಗಳ ಜೋಡಣೆ ಹೆಪ್ಪುಗಟ್ಟುವುದಕ್ಕೆ ಕಡಿವಾಣ ಹಾಕುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಸರಿಯಾಗಿ ಒಪ್ಪುತ್ತದೆ. ಆವೇಶ ಇದೆಯೇ ಎಂಬುದರ ಜೊತೆಗೆ ಅದು ಹೇಗೆ ಹರಡಿದೆ ಎಂಬುದನ್ನೂ ಕೇಳಬೇಕು.

ಕೊನೆಯದಾಗಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರು ದಯವಿಟ್ಟು ಗಮನಿಸಿ. ತೀವ್ರ ಋಣಾವೇಶದ ಕೆಲವು ಪೊರೆಗಳು ಇದೇ 12ನೆಯ ಅಂಶದ ಮೂಲಕ ರಕ್ತನಾಳಗಳನ್ನು ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತುವನ್ನೂ ಬಿಡುಗಡೆ ಮಾಡಿಸುತ್ತವೆ; ಅದನ್ನು ಒಡೆಯುವ ಎಸಿಇ ಎಂಬ ಕಿಣ್ವವನ್ನು ತಡೆಯುವ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಬೇಗ ಕರಗದೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಪೊರೆ ಬದಲಾದಾಗ ನಿಮ್ಮ ಮಾತ್ರೆಗಳ ಹೆಸರನ್ನು ವೈದ್ಯರಿಗೆ ಹೇಳಿ.